ಬಿಸಿಲುನಾಡಿನ ಹಿತ್ತಲಲ್ಲಿ ಪುದೀನ: ನೆಡುವುದು, ಬೇಸಿಗೆ ದಾಟಿಸುವುದು, ಅಡುಗೆಗೆ ಬಳಸುವುದು

ಪುದೀನ ಎಲ್ಲಿ ಚುಚ್ಚಿದರೂ ಬರುವ ಗಿಡ ಎನ್ನುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಆ ಮಾತು ಅರ್ಧ ಮಾತ್ರ ನಿಜ. ದಸರೆ ಮುಗಿದ ಮೇಲೆ ನೆಟ್ಟರೆ ಎರಡು ತಿಂಗಳಿಗೆಲ್ಲ ಕುಂಡ ತುಂಬಿ ಅಂಚಿನಿಂದ ಹೊರಗೆ ಜೋತು ಬೀಳುತ್ತದೆ. ಅದೇ ಗಿಡ ಯುಗಾದಿ ದಾಟುತ್ತಲೇ ತುದಿ ಸುಟ್ಟುಕೊಂಡು, ಎಲೆ ಹಳದಿ ಮಾಡಿಕೊಂಡು, ಮೇ ಹೊತ್ತಿಗೆ ಒಣಕಡ್ಡಿಯಾಗಿ ನಿಲ್ಲುತ್ತದೆ. ದಿನಾ ನೀರು ಹಾಕಿದವರ ಮನೆಯಲ್ಲೂ ಹೀಗಾಗುತ್ತದೆ. ಮಧ್ಯಾಹ್ನದ ಬಿಸಿಲು, ಬೋರಿನ ಗಡಸು ನೀರು, ಎರೆ ಮಣ್ಣು, ಈ ಮೂರೂ ಸೇರಿ ಗಿಡವನ್ನು ಕೊಲ್ಲುತ್ತವೆ. ಮೂರಕ್ಕೂ ಮನೆಯಲ್ಲೇ ಮಾಡಬಹುದಾದ ಉಪಾಯಗಳಿವೆ, ದೊಡ್ಡ ಖರ್ಚೇನೂ ಇಲ್ಲ.

ಬೆಳಗಾವಿಯ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಬೇಸಿಗೆ ಇಷ್ಟು ಕಠಿಣವಲ್ಲ. ಆ ಜಿಲ್ಲೆಯ ಖಾನಾಪುರದ ಕಡೆ ಬೀಳುವ ಮಳೆಯ ಅರ್ಧವೂ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗೆ ಬೀಳುವುದಿಲ್ಲ. ಹಾಗಾಗಿ ಬೆಳಗಾವಿ, ಖಾನಾಪುರದವರು ಬಿಸಿಲಿಗಿಂತ ಮಳೆಗಾಲದ ಕೊಳೆ ಮತ್ತು ತುಕ್ಕು ರೋಗಕ್ಕೆ ಹೆಚ್ಚು ಎಚ್ಚರ ಇಟ್ಟುಕೊಳ್ಳಬೇಕು.

ಯಾವ ಪುದೀನ

ಸಂತೆಯಲ್ಲಿ ಕೊತ್ತಂಬರಿ ಪಕ್ಕ ಸಿವುಡು ಕಟ್ಟಿ ಮಾರುವುದು ಬಹುಮಟ್ಟಿಗೆ ಸ್ಪಿಯರ್‌ಮಿಂಟ್. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಮೆಂಥಾ ಸ್ಪೈಕಾಟಾ. ದಂಟು ನಾಲ್ಕು ಮೂಲೆಯದು, ಬೆರಳಲ್ಲಿ ಹೊರಳಿಸಿದರೆ ಮೂಲೆಗಳು ತಗಲುತ್ತವೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಅಂಚು ಗರಗಸದಂತಿರುತ್ತದೆ, ತುದಿ ಚೂಪು, ಮೈ ಸುಕ್ಕು ಸುಕ್ಕು. ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು. ಇದರ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ಅಂಶ. ಅಗಿದರೆ ಸಿಹಿ ಕಂಪು ಬರುತ್ತದೆಯೇ ಹೊರತು ನಾಲಿಗೆ ಕೊರೆಯುವ ತಂಪು ಬರುವುದಿಲ್ಲ.

ನರ್ಸರಿಯಲ್ಲಿ ಪುದೀನ ಎಂದು ಕೊಡುವುದು ಕೆಲವೊಮ್ಮೆ ಪೆಪ್ಪರ್‌ಮಿಂಟ್ ಆಗಿರುತ್ತದೆ. ಅದರ ಎಲೆಗೆ ಸ್ಪಷ್ಟವಾದ ತೊಟ್ಟಿರುತ್ತದೆ, ದಂಟಿಗೆ ನೇರಳೆ ಛಾಯೆ ಇರುತ್ತದೆ, ಒಂದು ಎಲೆ ಅಗಿದರೂ ಮೆಂಥಾಲ್ ಗಂಟಲಿಗೆ ಇಳಿಯುತ್ತದೆ. ಕಷಾಯಕ್ಕೆ ಚೆನ್ನ, ಆದರೆ ಚಟ್ನಿಗೆ ಹಾಕಿದರೆ ರೊಟ್ಟಿಯ ಜೊತೆ ಹಲ್ಲುಪುಡಿ ತಿಂದಂತಾಗುತ್ತದೆ. ಕೊಳ್ಳುವ ಮೊದಲು ಒಂದು ಎಲೆ ಕಿತ್ತು ತೊಳೆದು ಅಗಿದು ನೋಡಿ. ಎರಡೂ ಬೇಕೆನಿಸಿದರೆ ಬೇರೆ ಬೇರೆ ಕುಂಡದಲ್ಲೇ ಇಡಿ. ಒಂದೇ ಮಡಿಯಲ್ಲಿದ್ದರೆ ಹಬ್ಬು ಬಳ್ಳಿಗಳು ಹೆಣೆದುಕೊಂಡು, ವರ್ಷದೊಳಗೆ ಯಾವುದು ಯಾವುದೆಂದು ಬಿಡಿಸಲಾಗುವುದಿಲ್ಲ.

ಬೀಜದ ಗೊಡವೆ ಬೇಡ. ಬೀಜ ಧೂಳಿನಷ್ಟು ಸಣ್ಣ, ಮೊಳೆಯಲು ಎರಡು ವಾರ ಬೇಕು, ಬಂದ ಸಸಿಗಳ ವಾಸನೆಯೂ ಒಂದೊಂದರದು ಒಂದೊಂದು ಬಗೆ. ಕಡ್ಡಿ ನೆಟ್ಟರೆ ತಾಯಿಗಿಡದ ಗುಣವೇ ಬರುತ್ತದೆ.

ಕಡ್ಡಿ ಬೇರು ಬಿಡಿಸುವುದು

ಸಂತೆಯ ಸಿವುಡನ್ನು ಬಿಚ್ಚಿ ಬುಡ ನೋಡಿ. ಎಷ್ಟೋ ಸಲ ಗಿಡವನ್ನು ಕಿತ್ತೇ ಕಟ್ಟಿರುತ್ತಾರೆ, ಎರಡು ಮೂರು ಕಡ್ಡಿಗೆ ಬಿಳಿ ಬೇರು ಆಗಲೇ ಅಂಟಿಕೊಂಡಿರುತ್ತದೆ. ಅವನ್ನು ನೇರ ಮಣ್ಣಿಗೆ ಹಾಕಬಹುದು. ಇಲ್ಲವಾದರೆ ಹಸಿರಾಗಿ ಗಟ್ಟಿಯಾಗಿರುವ, ಹೂ ಬಿಡದ ಕಡ್ಡಿಗಳನ್ನು ಆರಿಸಿ. ತೀರ ಎಳೆಯ ತುದಿ ಕೊಳೆಯುತ್ತದೆ, ಕಂದುಬಣ್ಣಕ್ಕೆ ತಿರುಗಿದ ಬಲಿತ ದಂಟು ತಡಮಾಡುತ್ತದೆ. ಎಲೆಯ ಕೆಳಭಾಗದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಕಂಡರೆ ಆ ಸಿವುಡನ್ನೇ ನೆಡಲು ಬಳಸಬೇಡಿ, ಅದು ತುಕ್ಕು ರೋಗ.

ಕಡ್ಡಿ ನಾಲ್ಕರಿಂದ ಐದು ಇಂಚು ಇರಲಿ, ಮೂರು ನಾಲ್ಕು ಗೆಣ್ಣು ಇರಲಿ. ಕೆಳಗಿನ ಗೆಣ್ಣಿನಿಂದ ಕಾಲು ಇಂಚು ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸಿ. ಬೇರು ಹೊರಡುವುದು ಗೆಣ್ಣಿನಿಂದ. ಗೆಣ್ಣಿನಿಂದ ಎರಡಿಂಚು ಕೆಳಗೆ ಕತ್ತರಿಸಿದರೆ ಆ ಬರಿದಂಟು ಲೋಟದಲ್ಲಿ ಕೊಳೆತು ನೀರು ಕೆಡಿಸುತ್ತದೆ. ಕೆಳಗಿನ ಎರಡು ಗೆಣ್ಣಿನ ಎಲೆ ಕಿತ್ತುಹಾಕಿ. ಮೇಲೆ ನಾಲ್ಕೋ ಆರೋ ಎಲೆ ಉಳಿದರೆ ಸಾಕು. ಎಲೆ ಹೆಚ್ಚಿದ್ದಷ್ಟೂ ಕಡ್ಡಿ ಬಾಡುತ್ತದೆ, ಏಕೆಂದರೆ ನೀರು ಎಳೆದು ಕೊಡಲು ಬೇರು ಇನ್ನೂ ಇಲ್ಲ.

ಗಾಜಿನ ಲೋಟಕ್ಕೆ ಎರಡಿಂಚು ನೀರು ಹಾಕಿ ಕಡ್ಡಿಗಳನ್ನು ನಿಲ್ಲಿಸಿ, ಬೆಳಕು ಬರುವ ಆದರೆ ಬಿಸಿಲು ಬೀಳದ ಕಿಟಕಿಯಲ್ಲಿಡಿ. ಎಲೆ ನೀರಿಗೆ ತಾಗಬಾರದು. ದಿನ ಬಿಟ್ಟು ದಿನ ನೀರು ಬದಲಿಸಿ. ಏಳರಿಂದ ಹತ್ತು ದಿನಕ್ಕೆ ಬೇರು ಹೊರಡುತ್ತದೆ, ಇಂಚುದ್ದ ಆದ ಕೂಡಲೇ ಮಣ್ಣಿಗೆ ಇಳಿಸಿ. ಬೇರು ಇನ್ನೂ ದಟ್ಟವಾಗಲಿ ಎಂದು ತಿಂಗಳು ಕಾಯುವುದು ತಪ್ಪು. ನೀರಲ್ಲೇ ಬೆಳೆದ ಉದ್ದ ಬೇರು ಪೆಡಸಾಗಿರುತ್ತದೆ, ನೆಡುವಾಗ ಮುರಿಯುತ್ತದೆ, ಗಿಡ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನೆಟ್ಟ ಮೊದಲ ನಾಲ್ಕೈದು ದಿನ ಪೂರ್ತಿ ನೆರಳು, ಮಣ್ಣು ಸದಾ ಹಸಿ. ಆಮೇಲೆ ದಿನಕ್ಕೊಂದಿಷ್ಟು ಬೆಳಗಿನ ಬಿಸಿಲು ತೋರಿಸುತ್ತ ಹೋಗಿ.

ನೆಡಲು ಎರಡು ಹಂಗಾಮು. ಮೃಗಶಿರಾ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಒಂದು, ದಸರೆಯಿಂದ ಸಂಕ್ರಾಂತಿವರೆಗೆ ಇನ್ನೊಂದು. ವಿಜಯಪುರ, ಬಾಗಲಕೋಟೆಗೆ ಎರಡನೆಯದೇ ಉತ್ತಮ. ಬೇಸಿಗೆ ಬರುವಷ್ಟರಲ್ಲಿ ಬೇರು ಕುಂಡ ತುಂಬಿರುತ್ತದೆ, ಬಿಸಿಲು ತಡೆಯುವ ಶಕ್ತಿ ಬಂದಿರುತ್ತದೆ. ಶಿವರಾತ್ರಿ ಕಳೆದ ಮೇಲೆ ಹೊಸದಾಗಿ ನೆಡುವ ಯೋಚನೆ ಬಿಡಿ.

ಕುಂಡ ಮತ್ತು ಮಣ್ಣು

ಪುದೀನದ ಬೇರು ಆಳಕ್ಕೆ ಇಳಿಯುವುದಕ್ಕಿಂತ ಅಗಲಕ್ಕೆ ಹರಡುತ್ತದೆ. ಆದ್ದರಿಂದ ಬಾಯಿ ಅಗಲವಾದ ಕುಂಡ ಬೇಕು: 12 ರಿಂದ 14 ಇಂಚು ಅಗಲ, 8 ರಿಂದ 10 ಇಂಚು ಆಳ. ಒಂದು ಕುಂಡಕ್ಕೆ ಐದಾರು ಕಡ್ಡಿ. ನಾಲ್ಕೈದು ಜನರ ಮನೆಗೆ ಇಂಥ ಮೂರು ಕುಂಡ ಇದ್ದರೆ, ಒಂದನ್ನು ಕೊಯ್ದು ಅದು ಚಿಗುರುವಷ್ಟರಲ್ಲಿ ಇನ್ನೊಂದು ಕೊಯ್ಲಿಗೆ ಬರುತ್ತದೆ.

ಕಪ್ಪು ಪ್ಲಾಸ್ಟಿಕ್ ಕುಂಡ ವಿಜಯಪುರದ ಬಿಸಿಲಿಗೆ ಹೊರಗಿನಿಂದ ಕಾದು, ಗೋಡೆಗೆ ತಾಗಿದ ಬೇರನ್ನು ಬೇಯಿಸಿಬಿಡುತ್ತದೆ. ಮಣ್ಣಿನ ಕುಂಡ ತಂಪಾಗಿರುತ್ತದೆ, ಆದರೆ ಬೇಗ ಒಣಗುತ್ತದೆ. ಟೆರೇಸಿನ ಮೇಲೆ ಬೆಳೆಯುವವರಿಗೆ ಹಣ್ಣು, ಮೀನು ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆ ಅಗ್ಗದ ಒಳ್ಳೆ ಪರಿಹಾರ. ಸೋಪು ಹಾಕಿ ತೊಳೆದು, ತಳಕ್ಕೆ ಬೆರಳು ಹೋಗುವಷ್ಟು ಆರೇಳು ತೂತು ಮಾಡಿ. ಪ್ಲಾಸ್ಟಿಕ್ ಕುಂಡವೇ ಇದ್ದರೆ ಅದನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಕೂರಿಸಿ, ನಡುವಿನ ಸಂದಿಗೆ ಉಸುಕು ತುಂಬಿ, ಉಸುಕನ್ನು ಹಸಿಯಾಗಿಟ್ಟರೆ ಬೇರು ತಂಪಾಗಿರುತ್ತದೆ. ಹೊರಗಿನ ಕುಂಡಕ್ಕೂ ತೂತು ಇರಲೇಬೇಕು.

ಮಣ್ಣಿಗೆ ಎರಡು ಪಾಲು ಮಸಾರಿ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ದಪ್ಪ ಉಸುಕು. ಜೊತೆಗೆ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಅರ್ಧ ಕಳಿತ ಸಗಣಿಗೊಬ್ಬರ ಹಾಕಿದರೆ ಅದು ಕುಂಡದೊಳಗೆ ಬಿಸಿಯೇರಿ ಬೇರು ಸುಡುತ್ತದೆ, ಗೊಣ್ಣೆಹುಳವೂ ಜೊತೆಗೇ ಬರುತ್ತದೆ. ಕೈಯಲ್ಲಿ ಹಿಡಿದು ಮೂಸಿದಾಗ ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬರುತ್ತಿದ್ದರೆ ಗೊಬ್ಬರ ಕಳಿತಿದೆ ಎಂದರ್ಥ.

ಎರೆ ಮಣ್ಣು ಮಾತ್ರ ಇರುವ ಊರುಗಳಲ್ಲಿ ಅದಕ್ಕೆ ನಾಲ್ಕು ಬೊಗಸೆ ಉಸುಕು ಬೆರೆಸಿ ಸಡಿಲಾಯಿತು ಎಂದುಕೊಳ್ಳಬೇಡಿ. ಅಷ್ಟರಿಂದ ಏನೂ ಆಗದು. ಎರೆ ಮಣ್ಣು ಮಳೆಗೆ ಅಂಟಂಟಾಗಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಬೇರು ಹರಿಯುತ್ತದೆ. ಅದನ್ನು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಳಸಬೇಡಿ, ಉಳಿದದ್ದು ಗೊಬ್ಬರ ಮತ್ತು ಉಸುಕೇ ಆಗಲಿ. ಒಲೆಯ ಬೂದಿ ಹಾಕುವ ರೂಢಿ ನಮ್ಮಲ್ಲಿ ಬಹಳ. ಪುದೀನಕ್ಕೆ ಅದು ಬೇಡವೇ ಬೇಡ. ಪುದೀನ ಒಪ್ಪುವ ಮಣ್ಣಿನ ರಸಸಾರ (pH) 6 ರಿಂದ 7.5. ನಮ್ಮ ಸುಣ್ಣದ ಅಂಶದ ಮಣ್ಣು ಮೊದಲೇ 8 ರ ಆಸುಪಾಸಿನಲ್ಲಿರುತ್ತದೆ, ಬೂದಿ ಬಿದ್ದರೆ ಇನ್ನೂ ಮೇಲೇರಿ ಎಲೆ ಹಳದಿಯಾಗುತ್ತದೆ.

ಹಿತ್ತಲ ನೆಲದಲ್ಲೇ ಬೆಳೆಯುವುದಾದರೆ ಮೂರಡಿಗೆ ಮೂರಡಿ ಮಡಿ ಸಾಕು. ಸುತ್ತಲೂ ಫರಸಿ ಕಲ್ಲಿನ ತುಂಡುಗಳನ್ನು ಒಂದಡಿ ಆಳಕ್ಕೆ ನಿಲ್ಲಿಸಿ, ನೆಲದ ಮೇಲೆ ಎರಡಿಂಚು ಕಾಣುವಂತಿರಲಿ. ಇಲ್ಲದಿದ್ದರೆ ಹಬ್ಬು ಬಳ್ಳಿ ಮೆಂತ್ಯದ ಮಡಿ ದಾಟಿ ಬಚ್ಚಲ ಮೋರಿವರೆಗೂ ಹೋಗುತ್ತದೆ. ಮಡಿಯನ್ನು ಸುತ್ತಲಿನ ನೆಲಕ್ಕಿಂತ ಆರಿಂಚು ಎತ್ತರ ಮಾಡಿ, ಕಡ್ಡಿಗಳನ್ನು ಒಂಬತ್ತು ಇಂಚಿಗೊಂದರಂತೆ ನೆಡಿ. ಬಚ್ಚಲ ನೀರನ್ನು ಈ ಮಡಿಗೆ ಬಿಡಬೇಡಿ. ಬಾಳೆಗೆ, ತೆಂಗಿಗೆ ಅದು ನಡೆಯುತ್ತದೆ. ಎಲೆಯನ್ನು ಹಸಿಯಾಗಿ ತಿನ್ನುವ ಗಿಡಕ್ಕೆ ಸೋಪಿನ ನೀರು ಸಲ್ಲದು. ಸಂತೆಯ ಪುದೀನ ಯಾವ ಹಳ್ಳದ ನೀರಲ್ಲಿ ಬೆಳೆದದ್ದೋ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೇ ಅಲ್ಲವೇ ಮನೆಯಲ್ಲಿ ಬೆಳೆಯುವುದು.

ಬಿಸಿಲು, ನೀರು, ಬೇಸಿಗೆ

ಮನೆಯ ಮೂಡಣ ಗೋಡೆಯ ಪಕ್ಕ ಜಾಗವಿದ್ದರೆ ಬೇರೆ ಹುಡುಕಬೇಡಿ. ಬೆಳಗಿನ ಹೊತ್ತು ನಾಲ್ಕು ತಾಸು ಬಿಸಿಲು, ಮಧ್ಯಾಹ್ನದಿಂದ ನೆರಳು, ಪುದೀನಕ್ಕೆ ಇದೇ ಹಿತ. ಪೂರ್ತಿ ನೆರಳಲ್ಲಿಟ್ಟರೆ ದಂಟು ಸಪೂರವಾಗಿ ಉದ್ದ ಎಳೆದುಕೊಂಡು, ಎಲೆ ತೆಳ್ಳಗಾಗಿ ವಾಸನೆ ಕಡಿಮೆಯಾಗುತ್ತದೆ. ಪಡುವಣ ಗೋಡೆಯಂತೂ ಬೇಡ. ಸಂಜೆ ಐದಕ್ಕೂ ಅದು ಬಿಸಿ ಉಗುಳುತ್ತಿರುತ್ತದೆ.

ಶಿವರಾತ್ರಿ ಆಗುತ್ತಲೇ ಬೇಸಿಗೆಯ ತಯಾರಿ ಶುರುಮಾಡಿ. ಗಿಡದಿಂದ ಎರಡು ಅಡಿ ಮೇಲೆ 50 ಪರ್ಸೆಂಟ್ ನೆರಳು ಬಲೆ ಕಟ್ಟಿ. ಬಲೆ ಇಲ್ಲದಿದ್ದರೆ ಹಳೆ ಗೋಣಿತಟ್ಟು, ಹತ್ತಿ ಸೀರೆ ಆದರೂ ಸರಿ, ಗಾಳಿಯಾಡಲು ಪಕ್ಕಗಳು ತೆರೆದಿರಲಿ. ಮಣ್ಣಿನ ಮೇಲೆ ಎರಡು ಇಂಚು ಹೊದಿಕೆ ಹಾಕಿ. ಕಬ್ಬಿನ ಸೀಮೆಯವರಿಗೆ ರವದಿ, ಅಂದರೆ ಕಬ್ಬಿನ ಒಣ ಗರಿ, ಕೈಗೆ ಸಿಗುತ್ತದೆ, ಸಣ್ಣಗೆ ಕತ್ತರಿಸಿ ಹಾಸಿ. ಉಳಿದವರಿಗೆ ತೊಗರಿ ಹೊಟ್ಟು, ಜೋಳದ ಕಣಿಕೆಯ ಚೂರು ಇದೆ. ದಂಟಿಗೆ ಒತ್ತಿಕೊಂಡಿರಬಾರದು, ಬುಡದಿಂದ ಒಂದಿಂಚು ಬಿಟ್ಟು ಹಾಸಬೇಕು. ಮಾರ್ಚ್ ಮೊದಲ ವಾರದಲ್ಲಿ ಗಿಡವನ್ನು ಮೂರಿಂಚಿಗೆ ಕೊಯ್ದುಬಿಡಿ. ಎಲೆ ಕಡಿಮೆ ಇದ್ದರೆ ಆವಿಯಾಗಿ ಹೋಗುವ ನೀರೂ ಕಡಿಮೆ. 40 ಡಿಗ್ರಿ ದಾಟಿದ ದಿನಗಳಲ್ಲಿ ಗಿಡ ಬೆಳೆಯುವುದನ್ನು ನಿಲ್ಲಿಸುತ್ತದೆ, ಎಲೆ ಚಿಕ್ಕದಾಗುತ್ತದೆ. ಆಗ ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ, ಜೀವ ಹಿಡಿದುಕೊಂಡರೆ ಸಾಕು. ಮಳೆ ಬೀಳುತ್ತಲೇ ತಾನೇ ಏಳುತ್ತದೆ. ಮೇಲೆ ಎಲ್ಲ ಒಣಗಿದಂತೆ ಕಂಡರೂ ಕುಂಡ ಎಸೆಯಬೇಡಿ. ಮಣ್ಣು ಒಂದಿಂಚು ಕೆದರಿ ನೋಡಿ, ಹಬ್ಬು ಬಳ್ಳಿ ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಬದುಕಿದೆ.

ನೀರಿನ ಅಳತೆ ಹೇಳುವುದಾದರೆ, 12 ಇಂಚಿನ ಕುಂಡಕ್ಕೆ ಚಳಿಗಾಲದಲ್ಲಿ ದಿನ ಬಿಟ್ಟು ದಿನ ಸುಮಾರು ಒಂದು ಲೀಟರ್, ಏಪ್ರಿಲ್‌–ಮೇ ತಿಂಗಳಲ್ಲಿ ಬೆಳಿಗ್ಗೆ ಒಂದು ಲೀಟರ್, ಸಂಜೆ ಅರ್ಧ ಲೀಟರ್. ಆದರೆ ಅಳತೆಗಿಂತ ಬೆರಳನ್ನು ನಂಬಿ. ಮಣ್ಣಿಗೆ ಬೆರಳಿನ ಮೊದಲ ಗೆಣ್ಣಿನವರೆಗೆ ಚುಚ್ಚಿ, ಒಣಗಿದ್ದರೆ ಹಾಕಿ, ಹಸಿಯಿದ್ದರೆ ಬಿಡಿ. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ಮತ್ತೆ ನೆಟ್ಟಗಾದರೆ ಅದು ಬಿಸಿಲಿಗೆ ಬಾಡಿದ್ದು, ನೀರಿನ ಕೊರತೆಯಲ್ಲ. ಬೆಳಿಗ್ಗೆಯೂ ಜೋತುಬಿದ್ದಿದ್ದು ಮಣ್ಣು ಹಸಿಯಾಗಿದ್ದರೆ ಬೇರು ಕೊಳೆಯುತ್ತಿದೆ ಎಂದು ತಿಳಿದು ನೀರು ನಿಲ್ಲಿಸಿ.

ಬೋರಿನ ನೀರಿನ ವಿಚಾರಕ್ಕೆ ಹೆಚ್ಚು ಗಮನ ಕೊಡಬೇಕು. ಕುಂಡದ ಅಂಚಿಗೆ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ ಅದು ನೀರಲ್ಲಿ ಬಂದ ಲವಣ. ನೀರು ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ, ದಿನದಿನವೂ ಸೇರುತ್ತ ಹೋಗುತ್ತದೆ. ಎಲೆಯ ಅಂಚು ಕಂದಾಗಿ ಒಣಗುವುದು ಇದರ ಮೊದಲ ಗುರುತು. ಇಂಥ ಕುಂಡವನ್ನು ತಿಂಗಳಿಗೊಮ್ಮೆ ತೊಳೆಯಬೇಕು. ಮೇಲಿನ ಬಿಳಿ ಪದರವನ್ನು ಕೆರೆದು ಎಸೆದು, ಕುಂಡ ಹಿಡಿಯುವ ಮಣ್ಣಿನ ಎರಡು ಪಟ್ಟು ನೀರನ್ನು, ಅಂದರೆ 12 ಲೀಟರಿನ ಕುಂಡಕ್ಕೆ 24 ಲೀಟರ್, ಮೂರು ನಾಲ್ಕು ಸಲಕ್ಕೆ ನಿಧಾನ ಹೊಯ್ದು ತಳದಿಂದ ಹರಿದುಹೋಗಲು ಬಿಡಿ. ಕುಂಡದ ಕೆಳಗೆ ತಟ್ಟೆ ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಅದೇ ಉಪ್ಪು ನೀರನ್ನು ಮಣ್ಣು ಮತ್ತೆ ಹೀರುತ್ತದೆ. ಈ ಕೆಲಸಕ್ಕೆ ನಲ್ಲಿಗೆ ಬರುವ ಹೊಳೆ ನೀರೋ ಹಿಡಿದಿಟ್ಟ ಮಳೆ ನೀರೋ ಇದ್ದರೆ ಚೆನ್ನ. ತೊಳೆದಾಗ ಗೊಬ್ಬರದ ಸತ್ವವೂ ಹರಿದು ಹೋಗುವುದರಿಂದ ಮರುವಾರ ಒಂದು ಹಿಡಿ ಎರೆಹುಳು ಗೊಬ್ಬರ ಕೊಡಿ.

ಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಆ ನೀರಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ನೆಲ ಒರೆಸಲು, ಪಾಯಖಾನೆಗೆ ಬಳಸಿ, ಪುದೀನಕ್ಕೆ ಬೇಡ. ಅಕ್ಕಿ, ಬೇಳೆ ತೊಳೆದ ನೀರು ಧಾರಾಳವಾಗಿ ಹಾಕಬಹುದು.

ಎಲೆ ಹೇಳುವ ರೋಗ

ಹಳದಿ ಎಲೆಗೆ ಒಂದೇ ಔಷಧ ಇಲ್ಲ, ಯಾವ ಎಲೆ ಹಳದಿ ಎಂಬುದನ್ನು ನೋಡಬೇಕು. ಬುಡದ ಹಳೆ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ ಸಾಲದು. ಗಾಣದ ಶೇಂಗಾ ಹಿಂಡಿ 50 ಗ್ರಾಂ ಅನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಕುಂಡಕ್ಕೆ ಅರ್ಧ ಲೀಟರ್ ಹಾಕಿ. ಕೊಯ್ಲಾದ ಮೇಲೆ ಒಮ್ಮೆ ಕೊಟ್ಟರೆ ಸಾಕು. ಇದನ್ನೇ ವಾರವಾರ ಕೊಟ್ಟರೆ ಎಲೆ ವೀಳ್ಯದೆಲೆಯಷ್ಟಾಗುತ್ತದೆ, ಪರಿಮಳ ಮಾತ್ರ ಇರುವುದಿಲ್ಲ.

ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಬಾಗಲಕೋಟೆ, ವಿಜಯಪುರದ ಸುಣ್ಣದ ಮಣ್ಣಲ್ಲಿ ಇದೇ ಹೆಚ್ಚು. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಆದರೆ ಕ್ಷಾರದಲ್ಲಿ ಕರಗದೆ ಬೇರಿಗೆ ಸಿಗುವುದಿಲ್ಲ. ಮಣ್ಣಿಗೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಸುರಿದರೂ ಕೆಲವೇ ದಿನದಲ್ಲಿ ಅದಕ್ಕೂ ಅದೇ ಗತಿ. ಎಲೆಗೆ ಸಿಂಪಡಿಸುವುದೇ ದಾರಿ. ಗೊಬ್ಬರದ ಅಂಗಡಿಯ ಫೆರಸ್ ಸಲ್ಫೇಟ್ 3 ಗ್ರಾಂ, ಅರ್ಧ ಲಿಂಬೆಹಣ್ಣಿನ ರಸ, ಒಂದು ಲೀಟರ್ ನೀರು. ಮೊದಲು ಲಿಂಬೆರಸ ಬೆರೆಸಿ ಆಮೇಲೆ ಪುಡಿ ಹಾಕಿ, ಕೂಡಲೇ ಸಂಜೆ ತಂಪು ಹೊತ್ತಿನಲ್ಲಿ ಸಿಂಪಡಿಸಿ. ಕಲಸಿಟ್ಟ ನೀರು ಮರುದಿನಕ್ಕೆ ಕಂದಾಗುತ್ತದೆ, ಕೆಲಸಕ್ಕೆ ಬಾರದು. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಅಲ್ಲಿಯವರೆಗೆ ಆ ಕುಂಡದ ಎಲೆ ಅಡುಗೆಗೆ ಬೇಡ. ಅನುಮಾನವಿದ್ದರೆ ಮಣ್ಣು, ನೀರು ಎರಡನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ಪರೀಕ್ಷೆ ಮಾಡಿಸಿ.

ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಬಂದು ಎಲೆ ಮಂಕಾದರೆ, ತಿರುಗಿಸಿ ನೋಡಿ. ಸಣ್ಣ ಬಲೆ, ಅದರಲ್ಲಿ ಹರಿದಾಡುವ ಕೆಂಪು ಚುಕ್ಕಿಗಳು ಕಂಡರೆ ಅದು ನುಸಿ. ಒಣಹವೆಯ ಮಾರ್ಚ್‌–ಮೇ ಅದರ ಕಾಲ. ಪೈಪಿನ ನೀರನ್ನು ಜೋರಾಗಿ ಎಲೆಯ ಕೆಳಭಾಗಕ್ಕೆ ಮೂರು ದಿನ ಬಿಟ್ಟು ಬಿಟ್ಟು ಹೊಡೆಯುವುದರಿಂದಲೇ ಅರ್ಧ ಹೋಗುತ್ತದೆ. ಉಳಿದಿದ್ದಕ್ಕೆ ಬೇವಿನ ಎಣ್ಣೆ 5 ಮಿಲಿ, ಪಾತ್ರೆ ತೊಳೆಯುವ ದ್ರವ 1 ಮಿಲಿ, ನೀರು ಒಂದು ಲೀಟರ್, ಚೆನ್ನಾಗಿ ಕಲಕಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರದ ನಂತರ ತೊಳೆದು ಬಳಸಿ. ಹೇನು, ಬಿಳಿನೊಣಕ್ಕೂ ಇದೇ ಮದ್ದು.

ತುಕ್ಕು ರೋಗ ಮಳೆಗಾಲದ್ದು, ಬೆಳಗಾವಿ ಕಡೆ ಇದರ ಭಯ ಹೆಚ್ಚು. ಕಿತ್ತಳೆ ಪುಡಿಯಂಥ ಗುಳ್ಳೆ ಎಲೆಯ ಕೆಳಗೆ ಏಳುತ್ತದೆ, ಆಮೇಲೆ ಕಪ್ಪಾಗುತ್ತದೆ. ಒಂದೊಂದೇ ಎಲೆ ಕಿತ್ತರೆ ಉಪಯೋಗವಿಲ್ಲ. ಗಿಡವನ್ನು ನೆಲಮಟ್ಟಕ್ಕೆ ಕೊಯ್ದು, ಉದುರಿದ ಎಲೆಯನ್ನೂ ಆರಿಸಿ ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಒಳ್ಳೆಯ ತಳಿ, ಉಳಿಸಲೇಬೇಕು ಎಂದಿದ್ದರೆ ಬೇರಿನ ತುಂಡುಗಳನ್ನು ಮಣ್ಣು ತೊಳೆದು, 44 ಡಿಗ್ರಿ ಬಿಸಿನೀರಲ್ಲಿ ಹತ್ತು ನಿಮಿಷ ಅದ್ದಿ, ತಣ್ಣೀರಲ್ಲಿ ತೊಳೆದು ಹೊಸ ಮಣ್ಣಿಗೆ ನೆಡಿ. ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಬೇಡಿ, ಹೆಚ್ಚು ಬಿಸಿಗೆ ಬೇರು ಸಾಯುತ್ತದೆ. ರೋಗ ಬಾರದಿರಲು ನೀರನ್ನು ಎಲೆಯ ಮೇಲೆ ಹೊಯ್ಯದೆ ಬುಡಕ್ಕೆ, ಅದೂ ಬೆಳಿಗ್ಗೆ ಹಾಕಿ.

ಕೊಯ್ಯುವುದು

ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಚಹಾಕ್ಕೆ ನಾಲ್ಕು ಎಲೆ ಬೇಕೆಂದು ಬುಡದ ದೊಡ್ಡ ಎಲೆಗಳನ್ನೇ ದಿನಾ ಕೀಳುತ್ತ ಹೋದರೆ, ಕೆಳಗೆ ಬರಿದಂಟು, ಮೇಲೆ ಒಂದು ಜುಟ್ಟು ಉಳಿಯುತ್ತದೆ. ದಂಟು ಬಲಿತು ಕಟ್ಟಿಗೆಯಾಗುತ್ತದೆ, ಚಿಗುರುವುದು ನಿಲ್ಲುತ್ತದೆ. ಕೀಳಬಾರದು, ಕೊಯ್ಯಬೇಕು. ಕತ್ತರಿ ಹಿಡಿದು ದಂಟನ್ನು ಗಮನಿಸಿ: ಪ್ರತಿ ಗೆಣ್ಣಿನಲ್ಲಿ ಎರಡು ಎಲೆ, ಎಲೆಯ ಕಂಕುಳಲ್ಲಿ ಒಂದೊಂದು ಪುಟ್ಟ ಮೊಗ್ಗು. ಗೆಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿದರೆ ಆ ಎರಡೂ ಮೊಗ್ಗು ಎದ್ದು ಒಂದು ದಂಟಿನ ಜಾಗದಲ್ಲಿ ಎರಡು ಬರುತ್ತವೆ.

ನೆಟ್ಟ ಆರೆಂಟು ವಾರಕ್ಕೆ ಗಿಡ ಆರೇಳು ಇಂಚು ಆದಾಗ ಮೊದಲ ಕೊಯ್ಲು. ಬುಡದಲ್ಲಿ ಎರಡು ಗೆಣ್ಣು, ಅಂದರೆ ಸುಮಾರು ಎರಡು ಇಂಚು ಉಳಿಸಿ ಮೇಲಿನದ್ದನ್ನೆಲ್ಲ ಕೊಯ್ಯಿರಿ. ಕೈ ಹಿಂಜರಿಯುತ್ತದೆ, ಹಿಂಜರಿಯಬೇಡಿ. ಮೇಲೆ ಒಂದು ಹಿಡಿ ಎರೆಹುಳು ಗೊಬ್ಬರ ಹರಡಿ, ನೀರು ಹಾಕಿ. ಚಳಿಗಾಲದಲ್ಲಿ ಮೂವತ್ತರಿಂದ ನಲವತ್ತು ದಿನಕ್ಕೆ ಮತ್ತೆ ಕೊಯ್ಲಿಗೆ ಬರುತ್ತದೆ. ಕೊಯ್ಯುವ ಹೊತ್ತು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಬಿಸಿಲು ಏರಿದಂತೆ ಎಲೆಯ ಪರಿಮಳದೆಣ್ಣೆ ಆರಿಹೋಗುತ್ತದೆ. ತುದಿಯಲ್ಲಿ ಹೂವಿನ ತೆನೆ ಮೂಡುವುದು ಕಂಡರೆ ಆಗಲೇ ಕೊಯ್ದುಬಿಡಿ. ಪರಿಮಳ ಹೆಚ್ಚಿರುವುದು ಹೂ ಅರಳುವ ಮುಂಚೆ, ಅರಳಿದ ಮೇಲೆ ಎಲೆ ಕಹಿಯಾಗುತ್ತದೆ.

ವರ್ಷ, ಒಂದೂವರೆ ವರ್ಷಕ್ಕೆ ಕುಂಡದ ನಡುವೆ ಬೋಳಾಗಿ ಅಂಚಿನಲ್ಲಷ್ಟೇ ಚಿಗುರು ಇರುತ್ತದೆ. ಬೇರು ಸುತ್ತಿಕೊಂಡು ಮಣ್ಣೇ ಉಳಿದಿಲ್ಲ ಎಂದರ್ಥ. ಕುಂಡ ಬೋರಲು ಹಾಕಿ ಹೆಂಟೆಯನ್ನು ಹೊರತೆಗೆದು, ಅಂಚಿನ ಬಿಳಿ ಹಬ್ಬು ಬಳ್ಳಿಗಳನ್ನು ನಾಲ್ಕಿಂಚು ತುಂಡು ಮಾಡಿ, ಹೊಸ ಮಣ್ಣಲ್ಲಿ ಒಂದಿಂಚು ಆಳಕ್ಕೆ ಅಡ್ಡಲಾಗಿ ಮಲಗಿಸಿ ಮುಚ್ಚಿ. ನಡುವಿನ ಹಳೆ ಬೇರು ಎಸೆಯಿರಿ.

ಅಡುಗೆಮನೆಗೆ

ಕೊಯ್ದದ್ದನ್ನು ತೊಳೆದು ಫ್ರಿಜ್ಜಿಗೆ ಇಡಬೇಡಿ, ಕಪ್ಪಾಗುತ್ತದೆ. ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ವಾರ ಹತ್ತು ದಿನ ನಿಲ್ಲುತ್ತದೆ. ಬಳಸುವಾಗ ತೊಳೆಯಿರಿ. ಕಾರ್ವೋನ್ ಆವಿಯಾಗಿ ಹೋಗುವ ಅಂಶವಾದ್ದರಿಂದ ಬಿಸಿ ಅಡುಗೆಗೆ ಎಲೆಯನ್ನು ಕೊನೆಗೆ ಹಾಕಿ ಮುಚ್ಚಬೇಕು. ಪಲಾವಿಗೆ ಅರ್ಧ ಎಲೆ ಒಗ್ಗರಣೆಗೆ, ಅರ್ಧ ಇಳಿಸುವ ಮುಂಚೆ ಹಾಕುವುದು ಇದಕ್ಕೇ.

ಜೋಳದ ರೊಟ್ಟಿಗೆ ಪುದೀನ–ಶೇಂಗಾ ಚಟ್ನಿ: ಬಿಡಿಸಿದ ಎಲೆ ಒತ್ತಿ ತುಂಬಿದ ಎರಡು ಬಟ್ಟಲು, ಕೊತ್ತಂಬರಿ ಒಂದು ಹಿಡಿ, ಹುರಿದು ಸಿಪ್ಪೆ ತೆಗೆದ ಶೇಂಗಾ ಕಾಲು ಬಟ್ಟಲು, ಹಸಿಮೆಣಸಿನಕಾಯಿ ನಾಲ್ಕು, ಬೆಳ್ಳುಳ್ಳಿ ಐದು ಎಸಳು, ಜೀರಿಗೆ ಅರ್ಧ ಚಮಚ, ಉಪ್ಪು ಮುಕ್ಕಾಲು ಚಮಚ, ಬೆಲ್ಲ ಚಿಟಿಕೆ, ಒಂದು ಲಿಂಬೆಹಣ್ಣಿನ ರಸ. ಎಲೆ ಬಿಟ್ಟು ಉಳಿದದ್ದನ್ನು ಮೊದಲು ತರಿಯಾಗಿ ಅರೆದುಕೊಂಡು, ಕೊನೆಗೆ ಎಲೆ, ಲಿಂಬೆರಸ, ಎರಡು ಚಮಚ ತಣ್ಣೀರು ಸೇರಿಸಿ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಮಿಕ್ಸಿಯ ಜಾರ್ ಬಿಸಿಯಾಗಿ ಚಟ್ನಿ ಕಪ್ಪಾಗುತ್ತದೆ, ಕಹಿಯೂ ಬರುತ್ತದೆ. ಲಿಂಬೆಯ ಹುಳಿ ಬಣ್ಣ ಕೆಡುವುದನ್ನು ತಡೆಯುತ್ತದೆ. ಬಲಿತ ದಂಟು ಹಾಕಿದರೂ ಕಹಿ, ತುದಿಯ ಎಳೆ ದಂಟು ನಡೆಯುತ್ತದೆ. ಒಳ್ಳಿನಲ್ಲಿ ಕುಟ್ಟಿದರೆ ಇನ್ನೂ ರುಚಿ.

ಮಜ್ಜಿಗೆಗೆ ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಉಪ್ಪು, ಸ್ವಲ್ಪ ಹುರಿದ ಜೀರಿಗೆ, ಉಗುರಿನಷ್ಟು ಹಸಿಶುಂಠಿ. ಉಪ್ಪಿನ ಜೊತೆ ಕುಟ್ಟಿದರೆ ಎಲೆ ಬೇಗ ರಸ ಬಿಡುತ್ತದೆ. ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು ಹಾಕಿ ಕಡೆದ ಮಜ್ಜಿಗೆಗೆ ಬೆರೆಸಿ, ಹತ್ತು ನಿಮಿಷ ಬಿಟ್ಟು ಸೋಸಿ. ರೊಟ್ಟಿ ಊಟದ ಹಸಿ ಪಚಡಿಗೆ, ಸವತೆಕಾಯಿ ಕೋಸಂಬರಿಗೆ, ಚುರುಮುರಿಗೆ ಸಣ್ಣಗೆ ಹೆಚ್ಚಿ ಉದುರಿಸಿದರೆ ಸಾಕು. ಕಷಾಯಕ್ಕೆ ಲೋಟಕ್ಕೆ ಎಂಟು ಎಲೆ, ಕುದಿಯುವ ನೀರು ಹೊಯ್ದು ಐದು ನಿಮಿಷ ಮುಚ್ಚಿಡಿ, ಎಲೆಯನ್ನೇ ಕುದಿಸಬೇಡಿ. ಊಟದ ಮೇಲೆ ಹೊಟ್ಟೆಗೆ ಹಗುರವೆನಿಸುತ್ತದೆ. ಎದೆಯುರಿ, ಹುಳಿತೇಗು ಇರುವವರಿಗೆ ಕೆಲವೊಮ್ಮೆ ಪುದೀನದಿಂದ ಅದು ಹೆಚ್ಚಾಗುವುದುಂಟು, ಅಂಥವರು ನೋಡಿಕೊಂಡು ಬಳಸಿ.

ಮಾರ್ಚಿನ ದೊಡ್ಡ ಕೊಯ್ಲನ್ನು ಒಣಗಿಸಿಡಿ. ಎಲೆ ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ನೀರಾರಿಸಿ, ನೆರಳಲ್ಲಿ ಗಾಳಿಯಾಡುವಲ್ಲಿ ಒಂದೇ ಪದರವಾಗಿ ಹರಡಿ. ವಿಜಯಪುರದ ಒಣಹವೆಗೆ ಎರಡು ಮೂರು ದಿನ ಸಾಕು, ಬಿಸಿಲಿಗೆ ಇಟ್ಟರೆ ಬಣ್ಣ, ವಾಸನೆ ಎರಡೂ ಹೋಗುತ್ತವೆ. ಹಿಸುಕಿದರೆ ಚುರುಚುರು ಎಂದು ಪುಡಿಯಾಗಬೇಕು, ಬಾಗಿದರೆ ಇನ್ನೂ ತೇವವಿದೆ, ಡಬ್ಬಿಯಲ್ಲಿ ಬೂಸು ಹಿಡಿಯುತ್ತದೆ. 100 ಗ್ರಾಂ ಹಸಿ ಎಲೆಗೆ ಹದಿನೈದು ಗ್ರಾಂ ಆಸುಪಾಸು ಒಣ ಎಲೆ ಸಿಗುತ್ತದೆ. ಎಲೆಯನ್ನು ಇಡಿಯಾಗಿಯೇ ಗಾಜಿನ ಡಬ್ಬಿಯಲ್ಲಿ ಕತ್ತಲಲ್ಲಿಟ್ಟು, ಬೇಕಾದಾಗ ಪುಡಿಮಾಡಿಕೊಳ್ಳಿ. ಹುರಿದ ಶೇಂಗಾ ಒಂದು ಬಟ್ಟಲು, ಬ್ಯಾಡಗಿ ಮೆಣಸಿನಕಾಯಿ ಆರು, ಬೆಳ್ಳುಳ್ಳಿ ಎಂಟು ಎಸಳು, ಜೀರಿಗೆ ಒಂದು ಚಮಚ, ಉಪ್ಪು, ಚೂರು ಹುಣಸೆಹಣ್ಣು ಇವನ್ನು ಕುಟ್ಟಿ, ಕೊನೆಗೆ ಅರ್ಧ ಬಟ್ಟಲು ಒಣ ಪುದೀನ ಹಾಕಿ ಒಂದೇ ಸುತ್ತು ತಿರುಗಿಸಿದರೆ ರೊಟ್ಟಿ, ಮೊಸರಿನ ಜೊತೆ ತಿನ್ನುವ ಪುಡಿ ತಯಾರು. ಹದಿನೈದು ದಿನಕ್ಕೆ ಬೇಕಾದಷ್ಟೇ ಮಾಡಿ. ಶೇಂಗಾದ ಎಣ್ಣೆ ಬೇಸಿಗೆಯಲ್ಲಿ ಬೇಗ ಕಮಟುತ್ತದೆ.